ಓದುಗರ ಪ್ರಶ್ನೆ: ದೆಹಲಿ ಗಡಿ, ಬಿಎಸ್ ಅಂಕಿ ಮತ್ತು ಚಾಲಕರ ಜೇಬು

ನಗರದ ಒಂದು ಭಾಗಕ್ಕೋ ಇಡೀ ನಗರಕ್ಕೋ ಗಡಿ ಹಾಕಿ, ಎಂಜಿನ್ನಿನ ಮಾಲಿನ್ಯ ಮಾನದಂಡವನ್ನು ನೋಡಿ ವಾಹನಗಳನ್ನು ಒಳಗೆ ಬಿಡುವ, ತಡೆಯುವ ಅಥವಾ ಶುಲ್ಕ ವಿಧಿಸುವ ವ್ಯವಸ್ಥೆಯನ್ನು ‘ಲೋ ಎಮಿಷನ್ ಜೋನ್’ ಎನ್ನುತ್ತಾರೆ. ಭಾರಿ ವಾಹನಗಳಿಗಾಗಿ ಸ್ವೀಡನ್ನಿನ ಸ್ಟಾಕ್‌ಹೋಮ್, ಗೋಥೆನ್‌ಬರ್ಗ್ ಮತ್ತು ಮಾಲ್ಮೊ ನಗರಗಳು ಇದನ್ನು 1996ರಲ್ಲೇ ಜಾರಿಗೆ ತಂದವು. ಲಂಡನ್ ಮತ್ತು ಬರ್ಲಿನ್ ನಗರಗಳಲ್ಲಿ ಇದು ಬಂದದ್ದು 2008ರಲ್ಲಿ. ನಮ್ಮ ದೇಶದಲ್ಲಿ ಈ ಬಗೆಯ ನಿಯಮಗಳ ಬಿಸಿ ಹೆಚ್ಚಾಗಿ ತಟ್ಟುವುದು ದೆಹಲಿಯಲ್ಲಿ. ಅಲ್ಲಿಗೆ ಲೋಡ್ ಒಯ್ಯುವ, ಯಾತ್ರಿಕರನ್ನು ಕರೆದೊಯ್ಯುವ ಕರ್ನಾಟಕದ ಚಾಲಕರಿಂದ ಬಂದ ಪ್ರಶ್ನೆಗಳೇ ಈ ಬಾರಿ ಹೆಚ್ಚಾಗಿವೆ. ಲಂಡನ್ನಿನಲ್ಲಿ ವ್ಯಾನ್ ಓಡಿಸುವ ಕನ್ನಡಿಗರೊಬ್ಬರ ಪತ್ರವೂ ಇದೆ.

ಭೀಮಸಮುದ್ರದಿಂದ ದೆಹಲಿ ಮತ್ತು ಕಾನ್ಪುರಕ್ಕೆ ಅಡಿಕೆ ಲೋಡ್ ಒಯ್ಯುತ್ತೇನೆ. ನನ್ನದು 2018ರಲ್ಲಿ ನೋಂದಣಿಯಾದ ಹತ್ತು ಚಕ್ರದ ಲಾರಿ. ಹಳೆಯ ಲಾರಿಗಳನ್ನು ದೆಹಲಿಯೊಳಗೆ ಬಿಡುವುದಿಲ್ಲವೆಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಹೇಳುತ್ತಾರೆ. ನನ್ನ ಲಾರಿ ಹಳೆಯದೋ ಹೊಸದೋ? — ಲಾರಿ ಮಾಲೀಕ-ಚಾಲಕರು, ಚಿತ್ರದುರ್ಗ ಜಿಲ್ಲೆ

ಸರಕು ಲಾರಿಯ ಮಟ್ಟಿಗೆ ದೆಹಲಿ ಗಡಿಯಲ್ಲಿ ಮೊದಲು ನೋಡುವುದು ಲಾರಿಯ ವಯಸ್ಸನ್ನಲ್ಲ, ಅದರ ಎಂಜಿನ್ ಯಾವ ಭಾರತ್ ಸ್ಟೇಜ್ (ಬಿಎಸ್) ಮಾಲಿನ್ಯ ಮಾನದಂಡದ್ದು ಎಂಬುದನ್ನು. ಬಿಎಸ್ ಅಂಕಿ ದೊಡ್ಡದಾದಷ್ಟೂ ಮಿತಿ ಬಿಗಿ. ಬಿಎಸ್-3 ವಾಹನಗಳ ಮಾರಾಟ ದೇಶದಾದ್ಯಂತ 2017ರ ಮಾರ್ಚ್ 31ಕ್ಕೆ ಕೊನೆಗೊಂಡಿತು. ಬಿಎಸ್-6 ಕಡ್ಡಾಯವಾದದ್ದು 2020ರ ಏಪ್ರಿಲ್ 1ರಿಂದ. ಆದ್ದರಿಂದ 2018ರಲ್ಲಿ ನೋಂದಣಿಯಾದ ನಿಮ್ಮ ಲಾರಿ ಬಿಎಸ್-4 ಆಗಿರಬೇಕು. ಆದರೆ ವರ್ಷ ಲೆಕ್ಕ ಹಾಕಿ ಊಹಿಸುವ ಬದಲು ಆರ್‌ಸಿಯಲ್ಲಿ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿ ‘ಎಮಿಷನ್ ನಾರ್ಮ್ಸ್’ ಎಂಬ ಸಾಲಿನ ಮುಂದೆ ಏನು ನಮೂದಾಗಿದೆ ಎಂದು ನೋಡಿಕೊಳ್ಳಿ. ಆ ಸಾಲು ಖಾಲಿಯಿದ್ದರೆ ಅಥವಾ ತಪ್ಪಾಗಿದ್ದರೆ ಹೊರಡುವ ಮುನ್ನ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಸರಿಪಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ತಪಾಸಣೆ ನಡೆಸುವವರು ನಂಬುವುದು ಆ ದಾಖಲೆಯನ್ನೇ ಹೊರತು ಚಾಲಕರ ಮಾತನ್ನಲ್ಲ.

ರಾಷ್ಟ್ರ ರಾಜಧಾನಿ ಪ್ರದೇಶದ ವಾಯು ಗುಣಮಟ್ಟವನ್ನು ನೋಡಿಕೊಳ್ಳಲು ಕೇಂದ್ರ ಸರ್ಕಾರ ರಚಿಸಿರುವ ವಾಯು ಗುಣಮಟ್ಟ ನಿರ್ವಹಣಾ ಆಯೋಗದ ನಿರ್ದೇಶನದ ಪ್ರಕಾರ, ದೆಹಲಿಯಲ್ಲಿ ನೋಂದಣಿಯಾಗದ ಬಿಎಸ್-3 ಮತ್ತು ಅದಕ್ಕಿಂತ ಹಳೆಯ ಮಾನದಂಡದ ಸರಕು ವಾಹನಗಳಿಗೆ 2025ರ ನವೆಂಬರ್ 1ರಿಂದ ದೆಹಲಿಗೆ ಪ್ರವೇಶವಿಲ್ಲ. ಬಿಎಸ್-4 ಸರಕು ವಾಹನಗಳಿಗೆ ಕೊಟ್ಟಿರುವ ಅವಕಾಶ 2026ರ ಅಕ್ಟೋಬರ್ 31ರವರೆಗೆ ಮಾತ್ರ. ಆ ಬಳಿಕ ಹೊರರಾಜ್ಯದ ಸರಕು ವಾಹನ ಒಳಗೆ ಹೋಗಬೇಕಾದರೆ ಅದು ಬಿಎಸ್-6 ಡೀಸೆಲ್, ಸಿಎನ್‌ಜಿ, ಎಲ್‌ಎನ್‌ಜಿ (ದ್ರವೀಕೃತ ನೈಸರ್ಗಿಕ ಅನಿಲ) ಅಥವಾ ವಿದ್ಯುತ್ ವಾಹನವೇ ಆಗಿರಬೇಕು. ಅಂದರೆ ನಿಮ್ಮ ಲಾರಿ ಈಗಿನ್ನೂ ದುಡಿಯುವ ಸ್ಥಿತಿಯಲ್ಲಿದ್ದರೂ, ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಸರಿಯಾಗಿದ್ದರೂ, ದೆಹಲಿಯ ಮಟ್ಟಿಗೆ ಅದಕ್ಕೊಂದು ಗಡುವು ಬಿದ್ದಿದೆ.

ಗಡುವಿನೊಳಗೂ ನಿಶ್ಚಿಂತೆ ಇಲ್ಲ. ಗಾಳಿಯ ಗುಣಮಟ್ಟ ಕುಸಿದಂತೆ ಹಂತಹಂತವಾಗಿ ನಿರ್ಬಂಧ ಬಿಗಿಗೊಳಿಸುವ ‘ಗ್ರಾಪ್’ ಎಂಬ ಕ್ರಿಯಾಯೋಜನೆ ದೆಹಲಿ ಪ್ರದೇಶದಲ್ಲಿ 2017ರಿಂದ ಇದೆ. ವಾಯು ಗುಣಮಟ್ಟ ಸೂಚ್ಯಂಕ 201 ದಾಟಿದರೆ ಮೊದಲ ಹಂತ, 301 ದಾಟಿದರೆ ಎರಡನೆಯದು, 401 ದಾಟಿದರೆ ಮೂರನೆಯದು, 450 ಮೀರಿದರೆ ನಾಲ್ಕನೆಯದು. ನಾಲ್ಕನೇ ಹಂತದಲ್ಲಿ ಅಗತ್ಯ ವಸ್ತುಗಳನ್ನು ಹೊತ್ತ ಲಾರಿಗಳು ಮತ್ತು ಬಿಎಸ್-6, ಸಿಎನ್‌ಜಿ, ಎಲ್‌ಎನ್‌ಜಿ, ವಿದ್ಯುತ್ ಲಾರಿಗಳನ್ನು ಬಿಟ್ಟು ಉಳಿದ ಲಾರಿಗಳ ಪ್ರವೇಶ ನಿಲ್ಲುತ್ತದೆ. ಅಡಿಕೆ ಅಗತ್ಯ ವಸ್ತುವೆಂದು ವಾದಿಸಲು ಹೋಗಬೇಡಿ. ಚಿತ್ರದುರ್ಗದಿಂದ ದೆಹಲಿಗೆ ಸುಮಾರು ಎರಡು ಸಾವಿರ ಕಿಲೋಮೀಟರ್ ದಾರಿ. ನೀವು ಹೊರಟ ದಿನ ಎರಡನೇ ಹಂತ ಇದ್ದು, ಗಡಿ ಮುಟ್ಟುವ ಹೊತ್ತಿಗೆ ನಾಲ್ಕನೇ ಹಂತ ಜಾರಿಯಾಗಿರುವುದು ಚಳಿಗಾಲದಲ್ಲಿ ಅಸಾಧ್ಯವೇನಲ್ಲ. ಆದ್ದರಿಂದ ನವೆಂಬರ್‌ನಿಂದ ಜನವರಿವರೆಗಿನ ಅವಧಿಯಲ್ಲಿ ಆಗ್ರಾ ಕಡೆಯಿಂದ ಹೋಗುವವರು ಆಗ್ರಾದಲ್ಲಿ, ಜೈಪುರ ಕಡೆಯಿಂದ ಹೋಗುವವರು ಜೈಪುರದಲ್ಲಿ ಆ ದಿನದ ಹಂತ ಯಾವುದೆಂದು ಆಯೋಗದ ಪ್ರಕಟಣೆ ನೋಡಿ ಮುಂದುವರಿಯಬೇಕು. ಗಡಿಯಲ್ಲಿ ಸಿಕ್ಕಿಕೊಂಡ ಮೇಲೆ ಲಾರಿ ತಿರುಗಿಸಲೂ ಜಾಗ ಸಿಗದ ಸ್ಥಿತಿ ಬರುತ್ತದೆ.

ಶುಲ್ಕದ ವಿಚಾರ ಬೇರೆಯೇ ಇದೆ. ಸುಪ್ರೀಂ ಕೋರ್ಟಿನ ಆದೇಶದಂತೆ 2015ರ ನವೆಂಬರ್‌ನಿಂದ ದೆಹಲಿಗೆ ಬರುವ ಸರಕು ವಾಹನಗಳಿಂದ ಪರಿಸರ ಪರಿಹಾರ ಶುಲ್ಕ ವಸೂಲಾಗುತ್ತಿದೆ. ಲಘು ವಾಹನ ಮತ್ತು ಎರಡು ಆಕ್ಸಲ್ ಲಾರಿಗಳಿಗೆ 700 ರೂಪಾಯಿ, ಮೂರು ಮತ್ತು ಹೆಚ್ಚು ಆಕ್ಸಲ್‌ಗಳ ಲಾರಿಗಳಿಗೆ 1,300 ರೂಪಾಯಿ ಎಂದು ಆರಂಭವಾದ ಈ ಶುಲ್ಕವನ್ನು ಅದೇ ಡಿಸೆಂಬರ್‌ನಲ್ಲಿ ನ್ಯಾಯಾಲಯ 1,400 ಮತ್ತು 2,600 ರೂಪಾಯಿಗಳಿಗೆ ಏರಿಸಿತು. ನಿಮ್ಮ ಹತ್ತು ಚಕ್ರದ ಲಾರಿ ಮೂರು ಆಕ್ಸಲ್‌ನದು, ಹಾಗಾಗಿ ಹೆಚ್ಚಿನ ದರವೇ ಅನ್ವಯ. ದರ ಪರಿಷ್ಕರಣೆಗೆ ಒಳಪಡುವಂಥದ್ದು, ಬಾಡಿಗೆ ಕುದುರಿಸುವ ಮುನ್ನ ಆ ಹೊತ್ತಿನ ದರವನ್ನು ವಿಚಾರಿಸಿ. ಇದು ಪಾಲಿಕೆಯ ಪ್ರವೇಶ ತೆರಿಗೆಗೂ ಹೆದ್ದಾರಿಯ ಟೋಲ್‌ಗೂ ಹೊರತಾದದ್ದು. ವಸೂಲಿಗಾಗಿ ದೆಹಲಿ ಪಾಲಿಕೆ ಪ್ರತ್ಯೇಕ ಆರ್‌ಎಫ್‌ಐಡಿ ಟ್ಯಾಗ್ ವ್ಯವಸ್ಥೆಯನ್ನು 2019ರಲ್ಲಿ ತಂದಿತು. ಹೆದ್ದಾರಿಯ ಫಾಸ್ಟ್ಯಾಗ್ ಇದೆಯೆಂದು ಅದರ ಚಿಂತೆ ಬಿಡುವಂತಿಲ್ಲ.

ಕಾನ್ಪುರದ ಲೋಡ್‌ಗೆ ಇದಾವುದರ ಗೊಡವೆಯೂ ಇಲ್ಲ, ದಾರಿ ದೆಹಲಿಯನ್ನು ಮುಟ್ಟುವುದೇ ಇಲ್ಲ. ಪಂಜಾಬ್, ಹಿಮಾಚಲ, ಕಾಶ್ಮೀರಗಳ ಕಡೆ ಹೋಗುವವರೂ ದೆಹಲಿಯೊಳಗೆ ನುಗ್ಗಬೇಕಾಗಿಲ್ಲ. ಆಗ್ರಾ ಕಡೆಯಿಂದ ಬಂದವರಿಗೆ ಪಲ್ವಲ್‌ನಿಂದ ಕುಂಡ್ಲಿಗೆ ಪೂರ್ವ ಪೆರಿಫೆರಲ್ ಎಕ್ಸ್‌ಪ್ರೆಸ್‌ವೇ ಇದೆ, ಜೈಪುರ ಕಡೆಯಿಂದ ಬಂದವರಿಗೆ ಮಾನೇಸರ್‌ನಿಂದ ಕುಂಡ್ಲಿಗೆ ಪಶ್ಚಿಮ ಪೆರಿಫೆರಲ್ ಎಕ್ಸ್‌ಪ್ರೆಸ್‌ವೇ ಇದೆ. ಎರಡೂ 2018ರಲ್ಲಿ ಸಂಚಾರಕ್ಕೆ ತೆರೆದುಕೊಂಡದ್ದೇ ದೆಹಲಿಯನ್ನು ಹಾದುಹೋಗುವ ಲಾರಿಗಳನ್ನು ಊರ ಹೊರಗೆ ಕಳಿಸುವುದಕ್ಕಾಗಿ.

ನನ್ನ ಲಾರಿಯ ಎಮಿಷನ್ ಸರ್ಟಿಫಿಕೇಟ್ ಸರಿಯಾಗಿದೆ. ಹೊಗೆ ಕಣ್ಣಿಗೆ ಕಾಣುವುದೇ ಇಲ್ಲ. ಆದರೂ ಬಿಎಸ್-4 ಎಂಬ ಒಂದೇ ಕಾರಣಕ್ಕೆ ತಡೆಯುವುದು ಯಾವ ನ್ಯಾಯ? — ಚಾಲಕರು, ಹಾವೇರಿ

ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಎಮಿಷನ್ ತಪಾಸಣಾ ಕೇಂದ್ರದಲ್ಲಿ ನಡೆಯುವ ಪರೀಕ್ಷೆ ಮತ್ತು ಭಾರತ್ ಸ್ಟೇಜ್ ಮಾನದಂಡ ಅಳೆಯುವ ಸಂಗತಿಗಳು ಬೇರೆಬೇರೆ. ಡೀಸೆಲ್ ವಾಹನವನ್ನು ನಿಲ್ಲಿಸಿ, ಗೇರ್ ಹಾಕದೆ ಆಕ್ಸಲರೇಟರ್ ಒತ್ತಿ, ಹೊರಬರುವ ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಮಾತ್ರ ತಪಾಸಣಾ ಕೇಂದ್ರದಲ್ಲಿ ನೋಡುತ್ತಾರೆ. ಬಹುಮಟ್ಟಿಗೆ ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡ್‌ಗಳು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮಾನದಂಡಗಳ ನಡುವಿನ ದೊಡ್ಡ ಅಂತರ ಇರುವುದು ಅಲ್ಲೇ. ಭಾರಿ ಡೀಸೆಲ್ ಎಂಜಿನ್ ಒಂದು ಕಿಲೋವ್ಯಾಟ್-ಗಂಟೆಯಷ್ಟು ಕೆಲಸಕ್ಕೆ ಬಿಎಸ್-3ರಲ್ಲಿ 5 ಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಡಬಹುದಿತ್ತು, ಬಿಎಸ್-4ರಲ್ಲಿ 3.5 ಗ್ರಾಂ. ಬಿಎಸ್-6ರಲ್ಲಿ ಆ ಮಿತಿ ಅರ್ಧ ಗ್ರಾಂಗಿಂತಲೂ ಕಡಿಮೆ. ಈ ಅನಿಲ ಗಾಳಿಯಲ್ಲಿ ರಾಸಾಯನಿಕವಾಗಿ ಬದಲಾಗಿ, ಶ್ವಾಸಕೋಶದ ಆಳಕ್ಕೆ ಇಳಿಯುವ ಪಿಎಂ 2.5 ಎಂಬ ಸೂಕ್ಷ್ಮ ಕಣಗಳಿಗೂ ಕಾರಣವಾಗುತ್ತದೆ. ಚಳಿಗಾಲದಲ್ಲಿ ಗಾಳಿ ಮೇಲೇರದೆ ನೆಲದ ಹತ್ತಿರವೇ ಕಟ್ಟಿಕೊಳ್ಳುವುದರಿಂದ ದೆಹಲಿಯಂಥ ಬಯಲು ನಾಡಿನ ನಗರಕ್ಕೆ ಅದರ ಕಾಟ ಇನ್ನೂ ಹೆಚ್ಚು.

ಹಾಗೆಂದು ನ್ಯಾಯದ ಪ್ರಶ್ನೆ ಮುಗಿದುಹೋಯಿತೆಂದು ಈ ಅಂಕಣಕಾರನಿಗೆ ಅನ್ನಿಸುವುದಿಲ್ಲ. ದೆಹಲಿಯ ಮಾಲಿನ್ಯಕ್ಕೆ ಕಟ್ಟಡ ಕಾಮಗಾರಿ, ಕಾರ್ಖಾನೆ, ಒಲೆ, ಕೂಳೆ ಸುಡುವಿಕೆ ಎಲ್ಲವೂ ಕಾರಣ. ಅವುಗಳಲ್ಲಿ ಗಡಿಯಲ್ಲಿ ನಿಲ್ಲಿಸಿ ಹಿಂದಕ್ಕೆ ಕಳಿಸಲು ಸುಲಭವಾದದ್ದು ಲಾರಿ. ಬ್ಯಾಂಕ್ ಸಾಲ ತೀರುವ ಮೊದಲೇ ಲಾರಿಯ ಮಾರುಕಟ್ಟೆ ಕುಗ್ಗಿದರೆ ಒಂದೆರಡು ವಾಹನವಿರುವ ಮಾಲೀಕರಿಗೆ ಬೀಳುವ ಹೊಡೆತಕ್ಕೆ ತಕ್ಕ ಪರಿಹಾರ ಇಲ್ಲದಿರುವುದು ಈ ನಿಯಮದ ನಿಜವಾದ ಕೊರತೆ. ಆದರೆ ಆ ತಕರಾರನ್ನು ಸಂಘದ ಮೂಲಕ ಸರ್ಕಾರದ ಮುಂದಿಡಬೇಕೇ ಹೊರತು ಚೆಕ್‌ಪೋಸ್ಟಿನಲ್ಲಿ ವಾದಿಸಿ ಪ್ರಯೋಜನವಿಲ್ಲ.

ಕೋಲಾರದಿಂದ ದೆಹಲಿಯ ಆಜಾದ್‌ಪುರ ತರಕಾರಿ ಮಂಡಿಗೆ ಟೊಮೆಟೊ ಒಯ್ಯುವವರಿಗೆ ಶುಲ್ಕದ ವಿನಾಯಿತಿ ಇತ್ತು. ಈಗ ಕೇಳುತ್ತಿದ್ದಾರೆ. ಇದು ಸರಿಯೇ? — ಚಾಲಕರು, ಶ್ರೀನಿವಾಸಪುರ

ಸರಿಯೇ. ತರಕಾರಿ, ಹಣ್ಣು, ಹಾಲು, ಧಾನ್ಯ ಮೊದಲಾದವನ್ನು ಹೊತ್ತ ವಾಹನಗಳಿಗೆ 2015ರಿಂದ ಇದ್ದ ಪರಿಸರ ಪರಿಹಾರ ಶುಲ್ಕದ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತೆಗೆದುಹಾಕಿತು. ವಿನಾಯಿತಿ ಇದೆಯೋ ಇಲ್ಲವೋ ಎಂದು ಪ್ರತಿ ಲಾರಿಯನ್ನೂ ನಿಲ್ಲಿಸಿ ಪರೀಕ್ಷಿಸುವುದರಿಂದ ಗಡಿಯಲ್ಲಿ ವಾಹನಗಳು ಸಾಲುಗಟ್ಟಿ ಇನ್ನಷ್ಟು ಹೊಗೆಯಾಗುತ್ತದೆ ಎಂಬುದು ಅದಕ್ಕೆ ಮುಂದಿಟ್ಟ ಕಾರಣಗಳಲ್ಲಿ ಒಂದು. ಆದರೆ ಶುಲ್ಕದ ವಿನಾಯಿತಿ ಹೋದದ್ದಕ್ಕೂ ನಾಲ್ಕನೇ ಹಂತದಲ್ಲಿ ಅಗತ್ಯ ವಸ್ತುಗಳ ಲಾರಿಗೆ ಇರುವ ಪ್ರವೇಶಕ್ಕೂ ಸಂಬಂಧವಿಲ್ಲ, ಅದು ಬೇರೆ ನಿಯಮ. ಬಿಲ್ಲು ಮತ್ತು ಸರಕಿನ ವಿವರ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಬಿಎಸ್-3 ಲಾರಿಯಲ್ಲಿ ಟೊಮೆಟೊ ತುಂಬಿಕೊಂಡು ‘ತರಕಾರಿಯಲ್ಲವೇ, ಬಿಡುತ್ತಾರೆ’ ಎಂಬ ಧೈರ್ಯದಲ್ಲಿ ಮಾತ್ರ ಹೊರಡಬೇಡಿ. ಕೆಡುವ ಸರಕಿಗೆ ಗಡಿಯಲ್ಲಿ ಕಳೆಯುವ ಒಂದು ದಿನವೂ ದುಬಾರಿ.

ಬಿಎಸ್-6 ಲಾರಿಯಲ್ಲಿ ಪದೇಪದೇ ಎಚ್ಚರಿಕೆ ದೀಪ ಹತ್ತುತ್ತದೆ, ಎಂಜಿನ್ ಎಳೆಯುವುದಿಲ್ಲ. ಫಿಲ್ಟರ್ ಕಿತ್ತುಹಾಕಿ, ಆಡ್‌ಬ್ಲೂ ಬೇಡದಂತೆ ಒಂದು ಡಬ್ಬಿ ಜೋಡಿಸಿಕೊಡುತ್ತೇನೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಮಾಡಿಸಬಹುದೇ? — ಚಾಲಕರು, ದಾವಣಗೆರೆ

ಬೇಡ. ಬಿಎಸ್-6 ಲಾರಿಯ ಸೈಲೆನ್ಸರ್ ಭಾಗದಲ್ಲಿ ಎರಡು ಮುಖ್ಯ ಕೆಲಸ ನಡೆಯುತ್ತವೆ. ಡಿಪಿಎಫ್ ಎಂಬ ಫಿಲ್ಟರ್ ಮಸಿಯನ್ನು ಹಿಡಿದಿಟ್ಟು, ಹೊಗೆ ಸಾಕಷ್ಟು ಬಿಸಿಯಾದಾಗ ಅದನ್ನು ಸುಟ್ಟುಹಾಕುತ್ತದೆ. ಎಸ್‌ಸಿಆರ್ ಎಂಬ ಘಟಕದಲ್ಲಿ ಆಡ್‌ಬ್ಲೂ ಅಥವಾ ಡಿಇಎಫ್ ಎನ್ನುವ ದ್ರವ ಸಿಂಪಡಣೆಯಾಗಿ ನೈಟ್ರೋಜನ್ ಆಕ್ಸೈಡ್‌ಗಳು ಸಾರಜನಕ ಮತ್ತು ನೀರಾವಿಯಾಗಿ ಬದಲಾಗುತ್ತವೆ. ಆ ದ್ರವ ಶುದ್ಧೀಕರಿಸಿದ ನೀರಿನಲ್ಲಿ 32.5 ಶೇಕಡಾ ಶುದ್ಧ ಯೂರಿಯಾ ಇರುವಂಥದ್ದು. ಹೊಲಕ್ಕೆ ಹಾಕುವ ಯೂರಿಯಾವನ್ನು ಬೋರ್‌ವೆಲ್ ನೀರಿನಲ್ಲಿ ಕದಡಿ ಸುರಿದರೆ ಉಪ್ಪು ಕಟ್ಟಿ ಇಂಜೆಕ್ಟರ್ ಹಾಳಾಗುತ್ತದೆ, ಅದರ ಖರ್ಚು ವರ್ಷದ ಆಡ್‌ಬ್ಲೂ ಖರ್ಚನ್ನೂ ಮೀರಬಹುದು. ಉತ್ತರದ ಚಳಿಯ ಕಡೆ ಹೋಗುವವರಿಗೆ ಇನ್ನೊಂದು ಮಾತು: ಈ ದ್ರವ ಮೈನಸ್ 11 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಕಾಶ್ಮೀರದ ದಾರಿಯಲ್ಲಿ ಬೆಳಿಗ್ಗೆ ದೀಪ ಹತ್ತಿದರೆ ಗಾಬರಿಯಾಗದೆ ಎಂಜಿನ್ ಬಿಸಿಯಾಗಲು ಬಿಡಿ.

ಊರೊಳಗೇ ಸಣ್ಣ ಸಣ್ಣ ಟ್ರಿಪ್ ಹೊಡೆಯುವ ಲಾರಿಗಳಲ್ಲಿ ಹೊಗೆ ಬೇಕಾದಷ್ಟು ಬಿಸಿಯಾಗದೆ ಮಸಿ ಕಟ್ಟಿಕೊಳ್ಳುವುದು ಸಾಮಾನ್ಯ. ಫಿಲ್ಟರ್ ದೀಪ ಹತ್ತಿದಾಗ ಕಂಪನಿಯ ಕೈಪಿಡಿಯಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಅಥವಾ ನಿಲ್ಲಿಸಿ, ಮಸಿ ಸುಡುವ ‘ರೀಜನರೇಷನ್’ ಗುಂಡಿ ಒತ್ತಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಒಣಹುಲ್ಲಿನ ಮೇಲೆ, ಹತ್ತಿಯ ರಾಶಿಯ ಪಕ್ಕ ನಿಲ್ಲಿಸಿ ಮಾತ್ರ ಆ ಗುಂಡಿ ಒತ್ತಬೇಡಿ, ಸೈಲೆನ್ಸರ್ ಅಷ್ಟು ಕಾಯುತ್ತದೆ. ದೀಪವನ್ನು ಲೆಕ್ಕಿಸದೆ ದಿನಗಟ್ಟಲೆ ಓಡಿಸಿದಾಗಲೇ ಎಂಜಿನ್ ಶಕ್ತಿ ಇಳಿಯುವುದು.

ಫಿಲ್ಟರ್ ಕಿತ್ತ ಲಾರಿ ಕಾಗದದಲ್ಲಿ ಬಿಎಸ್-6, ರಸ್ತೆಯಲ್ಲಿ ಅದಕ್ಕಿಂತ ಕೀಳು. ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ನಿನಂತೆ, ಅನುಮತಿಯಿಲ್ಲದ ಇಂಥ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಹುಬ್ಬಳ್ಳಿಯಿಂದ ಯಾತ್ರಿಕರನ್ನು ಹರಿದ್ವಾರ, ಬದರಿ ಕಡೆಗೆ ಕರೆದೊಯ್ಯುತ್ತೇವೆ. ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇರುವ ಬಸ್ಸಿಗೂ ಈ ನಿಯಮ ಇದೆಯೇ? — ಪ್ರವಾಸಿ ಬಸ್ ಚಾಲಕರು, ಹುಬ್ಬಳ್ಳಿ

ಪ್ರವಾಸಿ ಪರ್ಮಿಟ್ ಬಸ್ಸುಗಳಿಗೆ ಕೆಲವು ನಿರ್ಬಂಧಗಳಿಂದ ಸಡಿಲಿಕೆ ಇದ್ದದ್ದು ನಿಜ. ಆದರೆ 2026ರ ನವೆಂಬರ್ 1ರಿಂದ ದೆಹಲಿಗೆ ಬರುವ ಬಸ್ಸುಗಳು, ಪ್ರವಾಸಿ ಪರ್ಮಿಟ್ಟಿನವೂ ಸೇರಿ, ಬಿಎಸ್-6 ಡೀಸೆಲ್, ಸಿಎನ್‌ಜಿ ಅಥವಾ ವಿದ್ಯುತ್ ಬಸ್ಸುಗಳೇ ಆಗಿರಬೇಕೆಂದು ಆಯೋಗ ನಿರ್ದೇಶಿಸಿದೆ. ಹಾಗಾಗಿ ಮುಂದಿನ ಯಾತ್ರೆಗಳಿಗೆ ಈಗಲೇ ಬುಕಿಂಗ್ ತೆಗೆದುಕೊಳ್ಳುವವರು ಯಾವ ಬಸ್ಸು ಕಳಿಸುತ್ತೀರಿ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು.

ಬಸ್ಸು ಹಳೆಯದಾದರೆ ವಯಸ್ಸಿನ ನಿಯಮವೂ ಸೇರಿಕೊಳ್ಳುತ್ತದೆ. ಹತ್ತು ವರ್ಷ ಮೀರಿದ ಡೀಸೆಲ್ ವಾಹನ, ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನ ರಾಜಧಾನಿ ಪ್ರದೇಶದಲ್ಲಿ ಓಡಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು, ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದ ಅದೇ ನ್ಯಾಯಾಲಯ, ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದರ ನಂತರದ ವಾಹನಗಳಿಗಷ್ಟೇ ಸೀಮಿತಗೊಳಿಸಿತು. ಬಿಎಸ್-3 ಬಸ್ಸಿನಲ್ಲಿ ಅಲ್ಲಿಗೆ ಹೋಗುವುದೆಂದರೆ ಯಾತ್ರಿಕರ ಸಮೇತ ಬಸ್ಸನ್ನು ಅಪಾಯಕ್ಕೆ ಒಡ್ಡಿದಂತೆ.

ಹರಿದ್ವಾರಕ್ಕೆ ದೆಹಲಿಯ ಒಳಗಿನ ದಾರಿಯೇ ಬೇಕೆಂದಿಲ್ಲ. ಪಲ್ವಲ್ ಬಳಿ ಪೂರ್ವ ಪೆರಿಫೆರಲ್ ಎಕ್ಸ್‌ಪ್ರೆಸ್‌ವೇ ಹತ್ತಿ, ಗಾಜಿಯಾಬಾದ್ ಬಳಿಯ ಡಾಸನಾದಲ್ಲಿ ಮೀರತ್ ಕಡೆಗೆ ತಿರುಗಿದರೆ ಮುಜಫ್ಫರ್‌ನಗರ, ರೂರ್ಕಿ ಮೂಲಕ ಹರಿದ್ವಾರ ಸಿಗುತ್ತದೆ. ಆದರೆ ಗೌತಮ ಬುದ್ಧ ನಗರ, ಗಾಜಿಯಾಬಾದ್, ಮೀರತ್ ಜಿಲ್ಲೆಗಳೂ ರಾಜಧಾನಿ ಪ್ರದೇಶದೊಳಗೇ ಬರುವುದರಿಂದ ದೆಹಲಿ ತಪ್ಪಿಸಿದ ಮಾತ್ರಕ್ಕೆ ಎಲ್ಲ ನಿಯಮಗಳೂ ತಪ್ಪಿದವು ಎಂದುಕೊಳ್ಳುವಂತಿಲ್ಲ. ಬದರಿಯ ಘಟ್ಟ ಹತ್ತುವ ವಾಹನಗಳಿಗೆ ಉತ್ತರಾಖಂಡದ ನಿಯಮಗಳು ಬೇರೆಯೇ ಇವೆ.

ಗಡಿಯಲ್ಲಿ ಬಿದ್ದ ದಂಡವನ್ನು ಮಾಲೀಕರು ನನ್ನ ಬಾಟಾದಲ್ಲಿ (ದಿನಭತ್ಯೆಯಲ್ಲಿ) ಹಿಡಿದುಕೊಂಡರು. ಎಮಿಷನ್ ಸರ್ಟಿಫಿಕೇಟ್ ಮುಗಿದಿದ್ದು ನನಗೆ ಗೊತ್ತೇ ಇರಲಿಲ್ಲ. ಜವಾಬ್ದಾರಿ ಯಾರದು? — ಲಾರಿ ಚಾಲಕರು, ತುಮಕೂರು ಜಿಲ್ಲೆ

ಈ ಬಾರಿಯ ಪ್ರಶ್ನೆಗಳಲ್ಲಿ ಚಾಲಕರೆಲ್ಲರೂ ಗಮನವಿಟ್ಟು ಓದಬೇಕಾದದ್ದು ಇದು. ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ನಿನ ಎರಡನೇ ಉಪಸೆಕ್ಷನ್, ಮಾಲಿನ್ಯ ಮಿತಿಯನ್ನು ಉಲ್ಲಂಘಿಸುವ ವಾಹನವನ್ನು ಓಡಿಸುವವರನ್ನೂ ಓಡಿಸಲು ಬಿಡುವವರನ್ನೂ ಒಟ್ಟಿಗೆ ಹೊಣೆ ಮಾಡುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಹೊಂದಲು ಅನರ್ಹತೆ. ದಂಡದ ಹಣವನ್ನು ಯಾರು ಕಟ್ಟಿದರೂ ಲೈಸೆನ್ಸ್ ಹೋಗುವುದು ಚಾಲಕರದ್ದು, ಮೂರು ತಿಂಗಳ ದುಡಿಮೆ ನಿಲ್ಲುವುದು ಅವರ ಮನೆಯಲ್ಲಿ. ‘ಕಾಗದಪತ್ರ ಮಾಲೀಕರ ಕೆಲಸ’ ಎಂಬ ಮಾತು ಲೋಕರೂಢಿಯಲ್ಲಿ ಸರಿ, ಕಾನೂನಿನ ಮುಂದೆ ಸಾಲದು.

ಆದ್ದರಿಂದ ಕೀಲಿ ಕೈಗೆ ತೆಗೆದುಕೊಳ್ಳುವಾಗಲೇ ಪ್ರಮಾಣಪತ್ರದ ದಿನಾಂಕ ನೋಡುವ ರೂಢಿ ಇರಲಿ. ಬಿಎಸ್-4 ಮತ್ತು ಬಿಎಸ್-6 ವಾಹನಗಳಿಗೆ ಅದರ ಅವಧಿ ಒಂದು ವರ್ಷ, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳು. ಹೊಸ ವಾಹನಕ್ಕೆ ಮೊದಲ ವರ್ಷ ಬೇಕಾಗಿಲ್ಲ. ದೆಹಲಿಯಲ್ಲಿ 2025ರ ಡಿಸೆಂಬರ್‌ನಿಂದ ಈ ಪ್ರಮಾಣಪತ್ರ ಇಲ್ಲದ ವಾಹನಗಳಿಗೆ ಬಂಕುಗಳಲ್ಲಿ ಇಂಧನ ಕೊಡಬಾರದೆಂಬ ಆದೇಶವೂ ಬಂದಿದೆ.

ಬಾಟಾ ವಿಚಾರಕ್ಕೆ ಬಂದರೆ, ಪ್ರಮಾಣಪತ್ರ ಮಾಡಿಸುವುದು ಮಾಲೀಕರ ಕೈಯಲ್ಲಿರುವ ಕೆಲಸವಾದ್ದರಿಂದ ಅದರ ಲೋಪವನ್ನು ಚಾಲಕರ ಕೂಲಿಯಲ್ಲಿ ಕಳೆಯುವುದು ತಪ್ಪು. ಆದರೆ ಬಾಯಿಮಾತಿನ ಒಪ್ಪಂದದಲ್ಲಿ ಅದನ್ನು ಸಾಧಿಸಿ ತೋರಿಸುವುದು ಕಷ್ಟ. ದೆಹಲಿ ಲೋಡ್ ಒಪ್ಪಿಕೊಳ್ಳುವಾಗ ಪರಿಸರ ಶುಲ್ಕ ಯಾರು ಕೊಡುತ್ತಾರೆ, ಗಡಿಯಲ್ಲಿ ತಡೆದರೆ ಕಾಯುವ ದಿನಗಳ ಬಾಟಾ ಯಾರದು, ಹಿಂದಕ್ಕೆ ಕಳಿಸಿದರೆ ಬಾಡಿಗೆ ಏನಾಗುತ್ತದೆ ಎಂಬುದನ್ನು ಟ್ರಾನ್ಸ್‌ಪೋರ್ಟ್ ಆಫೀಸಿನವರಿಂದಲೋ ಮಾಲೀಕರಿಂದಲೋ ವಾಟ್ಸ್ಆ್ಯಪಿನಲ್ಲಾದರೂ ಬರೆಸಿಕೊಳ್ಳಿ. ಹೊರಡುವ ಮುನ್ನ ಆರ್‌ಸಿ, ಎಫ್‌ಸಿ, ಇನ್ಶೂರೆನ್ಸ್, ಎಮಿಷನ್ ಪತ್ರಗಳ ಫೋಟೊ ತೆಗೆದು ಮಾಲೀಕರಿಗೇ ಕಳಿಸಿ ‘ಎಲ್ಲ ಸರಿಯಿದೆಯೇ ನೋಡಿ’ ಎಂದು ಕೇಳುವುದರಲ್ಲಿ ಅಗೌರವವೇನೂ ಇಲ್ಲ. ನಂತರ ಮಾತು ಬಂದಾಗ ನಿಮ್ಮ ಕೈಯಲ್ಲಿರುವ ಆಧಾರ ಅದೊಂದೇ.

ಮಂಡ್ಯದವನು, ಲಂಡನ್ ಪಕ್ಕದ ಸ್ಲೌನಲ್ಲಿ ಇದ್ದೇನೆ. ಬಾಡಿಗೆ ಡೀಸೆಲ್ ವ್ಯಾನಿನಲ್ಲಿ ರಾತ್ರಿ ಪಾರ್ಸೆಲ್ ಹಂಚುತ್ತೇನೆ. ಲಂಡನ್ ಪೇಟೆಯೊಳಗೆ ಹೋಗಿಯೇ ಇಲ್ಲ, ಆದರೂ ಒಂದೇ ಪಾಳಿಗೆ ಎರಡು ನೋಟಿಸು ಬಂದಿವೆ. ಇದು ಹೇಗೆ? — ವ್ಯಾನ್ ಚಾಲಕರು, ಸ್ಲೌ

ನಿಮ್ಮ ಪತ್ರದಲ್ಲಿ ಹೀಥ್ರೂ ವಿಮಾನ ನಿಲ್ದಾಣದ ಬಳಿಯ ಗೋದಾಮಿನ ಮಾತಿದೆ, ಉತ್ತರ ಅಲ್ಲೇ ಇದೆ. ಲಂಡನ್ನಿನ ‘ಯೂಲೆಜ್’ (ಅಲ್ಟ್ರಾ ಲೋ ಎಮಿಷನ್ ಜೋನ್) ವಲಯ 2019ರ ಏಪ್ರಿಲ್‌ನಲ್ಲಿ ಆರಂಭವಾದಾಗ ನಗರದ ನಡುಭಾಗಕ್ಕೆ ಮಾತ್ರ ಸೀಮಿತವಾಗಿತ್ತು. 2021ರ ಅಕ್ಟೋಬರ್‌ನಲ್ಲಿ ಉತ್ತರ ಮತ್ತು ದಕ್ಷಿಣ ಸರ್ಕ್ಯುಲರ್ ರಸ್ತೆಗಳವರೆಗೆ ಹಿಗ್ಗಿತು, 2023ರ ಆಗಸ್ಟ್ 29ರಿಂದ ಲಂಡನ್ನಿನ ಎಲ್ಲ ಬರೋಗಳನ್ನೂ (ಆಡಳಿತ ವಿಭಾಗಗಳನ್ನೂ) ಆವರಿಸಿದೆ. ಹೀಥ್ರೂ ಇರುವ ಹಿಲಿಂಗ್‌ಡನ್ ಕೂಡ ಅದರೊಳಗೆ ಬಂತು. ಸ್ಲೌ ಹೊರಗಿದೆ, ಎಂ25 ಹೆದ್ದಾರಿಗೂ ಈ ಶುಲ್ಕ ಇಲ್ಲ. ಆದರೆ ಅಲ್ಲಿಂದ ಇಳಿದು ಒಂದು ಪಾರ್ಸೆಲ್ ಕೊಟ್ಟು ಬಂದರೂ ಕ್ಯಾಮೆರಾ ನಂಬರ್ ಪ್ಲೇಟನ್ನು ಓದಿಕೊಳ್ಳುತ್ತದೆ.

ಎರಡು ನೋಟಿಸು ಬರಲು ಕಾರಣ ಮಧ್ಯರಾತ್ರಿ. ದಿನದ ಶುಲ್ಕ 12.50 ಪೌಂಡ್, ದಿನವೆಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ರಾತ್ರಿ ಹತ್ತಕ್ಕೆ ಒಳಹೋಗಿ ಎರಡಕ್ಕೆ ಹೊರಬಂದರೆ ಎರಡು ದಿನದ ಶುಲ್ಕ ಬೀಳುತ್ತದೆ. ಡಿಸೆಂಬರ್ 25ರ ಕ್ರಿಸ್ಮಸ್ ದಿನವೊಂದನ್ನು ಬಿಟ್ಟು ವರ್ಷವಿಡೀ ಇದು ಜಾರಿಯಲ್ಲಿರುತ್ತದೆ. ವಲಯದೊಳಗೆ ವಾಹನ ಸುಮ್ಮನೆ ನಿಂತಿದ್ದ ದಿನಕ್ಕೆ ಶುಲ್ಕವಿಲ್ಲ. ಪ್ರಯಾಣದ ನಂತರದ ಮೂರನೇ ದಿನದ ಮಧ್ಯರಾತ್ರಿಯೊಳಗೆ ಕಟ್ಟದಿದ್ದರೆ ದಂಡ 180 ಪೌಂಡ್. ನೋಟಿಸು ಬಂದ 14 ದಿನದೊಳಗೆ ಕಟ್ಟಿದರೆ ಅರ್ಧಕ್ಕೆ, ಅಂದರೆ 90 ಪೌಂಡಿಗೆ, ಇಳಿಯುತ್ತದೆ. ಬಾಡಿಗೆ ವ್ಯಾನಾದರೆ ಕಂಪನಿಯವರು ಅದರ ಮೇಲೆ ತಮ್ಮ ನಿರ್ವಹಣಾ ವೆಚ್ಚವನ್ನೂ ಸೇರಿಸಿ ನಿಮಗೆ ಕಳಿಸುವುದು ರೂಢಿ, ಒಪ್ಪಂದದಲ್ಲಿ ಆ ಸಾಲನ್ನು ಹುಡುಕಿ ಓದಿ.

ನಮ್ಮ ಬಿಎಸ್‌ನಂತೆ ಯುರೋಪಿನ ಮಾಲಿನ್ಯ ಮಾನದಂಡಕ್ಕೆ ‘ಯೂರೊ’ ಎನ್ನುತ್ತಾರೆ. ಡೀಸೆಲ್ ವ್ಯಾನಿಗೆ ಯೂರೊ 6, ಪೆಟ್ರೋಲಿಗೆ ಯೂರೊ 4 ಇದ್ದರೆ ಯೂಲೆಜ್ ಶುಲ್ಕವೇ ಇಲ್ಲ. ಹಾಗಾಗಿ ಮುಂದೆ ವ್ಯಾನ್ ಬಾಡಿಗೆಗೆ ತೆಗೆದುಕೊಳ್ಳುವ ಮುನ್ನ ಅದರ ನಂಬರನ್ನು ಲಂಡನ್ ಸಾರಿಗೆ ಸಂಸ್ಥೆಯ ಅಧಿಕೃತ ತಾಣದಲ್ಲಿ ಹಾಕಿ ನೋಡಿ. ಅದೇ ತಾಣವನ್ನು ಹೋಲುವ, ಹೆಚ್ಚುವರಿ ಹಣ ಕೀಳುವ ಮಧ್ಯವರ್ತಿ ತಾಣಗಳು ಹುಡುಕಾಟದಲ್ಲಿ ಮೇಲೆ ಕಾಣಿಸಿಕೊಳ್ಳುತ್ತವೆ, ಎಚ್ಚರವಿರಲಿ. ನಗರದ ನಡುಭಾಗಕ್ಕೆ ಇರುವ ಕಂಜೆಷನ್ ಚಾರ್ಜ್ (ಸಂಚಾರ ದಟ್ಟಣೆ ಶುಲ್ಕ) 2003ರಿಂದ ಇರುವ ಬೇರೆ ಶುಲ್ಕ. ಯೂರೊ 6 ವಾಹನಕ್ಕೂ ಅದು ತಪ್ಪುವುದಿಲ್ಲ. ನಿಮ್ಮ ಸ್ನೇಹಿತರು ಮಿನಿಕ್ಯಾಬ್ ಓಡಿಸುತ್ತಾರೆಂದು ಬರೆದಿದ್ದೀರಿ. ಕಪ್ಪು ಟ್ಯಾಕ್ಸಿಗಳಿಗೆ ಯೂಲೆಜ್‌ನಿಂದ ಇರುವ ವಿನಾಯಿತಿ ಸಾಮಾನ್ಯ ಮಿನಿಕ್ಯಾಬ್‌ಗಳಿಗೆ ಇಲ್ಲ. ದೊಡ್ಡ ಲಾರಿಗೆ ಬಡ್ತಿ ಪಡೆಯುವ ಯೋಚನೆಯಿದ್ದರೆ ತಿಳಿದಿರಲಿ: ಮೂರೂವರೆ ಟನ್ ಮೀರಿದ ಲಾರಿ ಯೂರೊ 6 ಅಲ್ಲದಿದ್ದರೆ ದಿನಕ್ಕೆ 100 ಪೌಂಡ್, ಯೂರೊ 4 ಕೂಡ ಅಲ್ಲದಿದ್ದರೆ 300 ಪೌಂಡ್.

ಬೆಂಗಳೂರಿನಲ್ಲೂ ಇಂಥ ವಲಯ ಬರುತ್ತದೆಯೇ? ಐದು ವರ್ಷದ ಸಾಲ ಮಾಡಿ ಡೀಸೆಲ್ ಕ್ಯಾಬ್ ತೆಗೆದುಕೊಳ್ಳುವ ಯೋಚನೆಯಲ್ಲಿದ್ದೇನೆ. — ಕ್ಯಾಬ್ ಚಾಲಕರು, ಯಲಹಂಕ

ಎಂಜಿನ್ನಿನ ಮಾನದಂಡ ನೋಡಿ ತಡೆಯುವ ವಲಯ ಬೆಂಗಳೂರಿನಲ್ಲಿ ಇಲ್ಲ. ನಗರದೊಳಗೆ ಲಾರಿಗಳಿಗೆ ಇರುವ ಸಮಯದ ನಿರ್ಬಂಧ ಸಂಚಾರ ದಟ್ಟಣೆಗೆ ಸಂಬಂಧಿಸಿದ್ದು. ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನ ಸಂಚಾರ ತಡೆದು ನಡೆಸಿದ ಪ್ರಯೋಗವೂ ಬಿಎಸ್ ಮಾನದಂಡ ನೋಡಿ ಮಾಡಿದ್ದಲ್ಲ. ಆದರೆ ಗಾಳಿಯ ಗುಣಮಟ್ಟ ಸುಧಾರಿಸಬೇಕಾದ ನಗರಗಳ ಕೇಂದ್ರದ ಪಟ್ಟಿಯಲ್ಲಿ ನಮ್ಮ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ.

ನಿಮ್ಮ ತೀರ್ಮಾನಕ್ಕೆ ದೆಹಲಿಯ ಒಂದು ಬೆಳವಣಿಗೆ ಹೆಚ್ಚು ಪ್ರಸ್ತುತ. ಅಲ್ಲಿ ಆ್ಯಪ್ ಕ್ಯಾಬ್ ಮತ್ತು ಡೆಲಿವರಿ ಕಂಪನಿಗಳ ವಾಹನಗಳು 2030ರ ಏಪ್ರಿಲ್ ಹೊತ್ತಿಗೆ ಪೂರ್ತಿ ವಿದ್ಯುತ್ ಆಗಬೇಕೆಂಬ ಯೋಜನೆ 2023ರಲ್ಲೇ ಅಧಿಸೂಚನೆಯಾಗಿದೆ. ಇಲ್ಲಿ ಅದೇ ಬರುತ್ತದೆಂದು ಹೇಳುವಂತಿಲ್ಲ, ಬರುವುದಿಲ್ಲವೆಂದು ನಂಬಿ ಐದು ವರ್ಷದ ಕಂತಿಗೆ ಸಹಿ ಹಾಕುವುದೂ ಸರಿಯಲ್ಲ. ಡೀಸೆಲ್ ಕ್ಯಾಬಿನ ಲಾಭ ದಿನವೂ ದೂರ ಓಡಿಸುವವರಿಗೆ. ನೀವು ಹೆಚ್ಚಾಗಿ ವಿಮಾನ ನಿಲ್ದಾಣ ಮತ್ತು ನಗರದ ನಡುವೆಯೇ ಓಡಿಸುವುದಾದರೆ ಸಿಎನ್‌ಜಿ ಅಥವಾ ವಿದ್ಯುತ್ ವಾಹನದ ಕಂತು, ಇಂಧನ ಮತ್ತು ಚಾರ್ಜಿಂಗ್‌ಗೆ ಹೋಗುವ ಸಮಯ, ಮರುಮಾರಾಟದ ಬೆಲೆ ಎಲ್ಲವನ್ನೂ ಡೀಸೆಲ್ ಪಕ್ಕದಲ್ಲಿಟ್ಟು ಲೆಕ್ಕ ಹಾಕಿ. ಡೀಸೆಲ್ ಎಂದೇ ನಿರ್ಧರಿಸಿದರೆ ಸಾಲದ ಅವಧಿಯನ್ನು ಮೂರು ವರ್ಷಕ್ಕೆ ಇಳಿಸಲು ಸಾಧ್ಯವೇ ಎಂದು ಬ್ಯಾಂಕಿನಲ್ಲಿ ಕೇಳಿ. ಅವಧಿಗೆ ಮುನ್ನ ಸಾಲ ತೀರಿಸಿದರೆ ದಂಡ ಹಾಕುತ್ತಾರೆಯೇ ಎಂಬುದನ್ನೂ ಅದೇ ದಿನ ಕೇಳಿ ತಿಳಿದುಕೊಳ್ಳಿ.